ಅತ್ತೆ ಹೊಕ್ಕ ಬಂದೂಕು

"ಇನ್ನು ಎರಡು ಸಾವಿರ ವರ್ಷ ಕಳೆದ ಮೇಲೆ ಹುಟ್ಟಬೇಕಾದ ಬಂದೂಕು ಈ ವಾರ ನಮ್ಮ ಮನೆಯಲ್ಲೇ ಹುಟ್ಟುತ್ತೆ!" ಎಂದು ದಾವೂದ್ ಬೆಳಗಿನ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದುತ್ತ ಘೋಷಿಸಿದ.

ಹೆಂಡತಿ ತೂದಾ ತಲೆ ಎತ್ತಲಿಲ್ಲ. "ಹುಟ್ಟಲಿ. ಬಾಣಂತನ ಮಾತ್ರ ನಾನು ಮಾಡೋಲ್ಲ," ಎಂದಳು.

ದಾವೂದ್ ಬಡಗಿ. ವರ್ಜಾಜಾತ್ ಊರಿನ ಬಡಗಿ ಎಂದ ಮೇಲೆ ಸಿನಿಮಾ ಬಡಗಿ ಎಂದು ಬೇರೆ ಹೇಳಬೇಕಿಲ್ಲ. ಊರಾಚೆಯ ಮರಳಿನಲ್ಲಿ ವರ್ಷವಿಡೀ ಯಾವುದಾದರೊಂದು ದೇಶದವರು ಯಾವುದಾದರೊಂದು ಯುದ್ಧ ಹೂಡಿರುತ್ತಾರೆ. ಮೂವತ್ತು ವರ್ಷಗಳಲ್ಲಿ ಅವನು ರೋಮಿನ ಸೈನ್ಯಕ್ಕೆ ಮೂರು ಸಲ, ಈಜಿಪ್ಟಿನ ದೊರೆಗಳಿಗೆ ಐದು ಸಲ ಮರದ ಕತ್ತಿ ಗುರಾಣಿಗಳನ್ನು ಒದಗಿಸಿದ್ದ. ಆದರೆ ಅವೆಲ್ಲ ಹಿಂದಿನ ಕಾಲದ ಕಾದಾಟಗಳು. ಈ ಸಲ ಬಂದದ್ದು ಬಾಹ್ಯಾಕಾಶದ ಸಿನಿಮಾ. ಅದರ ಬಂದೂಕುಗಳ ಪೆಟ್ಟಿಗೆ ಬಂದರಿನಲ್ಲೇ ಸಿಕ್ಕಿಹಾಕಿಕೊಂಡು, ಸಾಮಾನು ಸರಂಜಾಮಿನ ಮೇಸ್ತ್ರಿ ಬಾಸ್ಸು ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಐದು ದಿನದಲ್ಲಿ ಇಪ್ಪತ್ನಾಲ್ಕು ಬಂದೂಕು ಬೇಕಿತ್ತು. "ಕಣ್ಣು ಮುಚ್ಚಿ ಮಾಡ್ತೀನಿ!" ಎಂದುಬಿಟ್ಟ ನಮ್ಮ ದಾವೂದ್. ಮಾಡಿದ್ದನ್ನು ನೋಡಿದರೆ ಕಣ್ಣು ತೆರೆದಿದ್ದನೋ ಇಲ್ಲವೋ ಎಂಬ ಅನುಮಾನ ನನಗೂ ಇದೆ.

ಕೆಲಸದ ಗುಟ್ಟು ಬಹಳ ಸುಲಭ. ಮರದ ತುಂಡು, ನೀರಿನ ಪೈಪು ಸೇರಿಸಿ ಬಂದೂಕಿನ ಮೈ. ಅದರ ಮೇಲೆ ಕೈಗೆ ಸಿಕ್ಕ ಗುಜರಿಯನ್ನೆಲ್ಲ ಅಂಟಿಸಿ ಬೂದು ಬಣ್ಣ ಬಳಿಯುವುದು. ಬಣ್ಣ ಒಂದಾದ ಮೇಲೆ ಯಾವ ಸಾಮಾನಿನ ಕುಲ ಗೋತ್ರವೂ ಯಾರಿಗೂ ಗೊತ್ತಾಗುವುದಿಲ್ಲ. ದಾವೂದ್ ಭಾನುವಾರದ ಸಂತೆಯ ಗುಜರಿ ರಾಶಿಯಲ್ಲಿ ಮೊಣಕೈವರೆಗೆ ಇಳಿದು ಮೊಪೆಡ್ಡಿನ ಕಾರ್ಬುರೇಟರು, ಕೆಟ್ಟ ನೀರಿನ ಮೀಟರು, ಗುಂಡಿ ಉದುರಿದ ಟಿ.ವಿ. ರಿಮೋಟುಗಳನ್ನು ಒಂದು ಚೀಲ ಹೊತ್ತು ತಂದ. ಅದು ಹನ್ನೆರಡು ಬಂದೂಕಿಗೆ ಸಾಕಾಯಿತು. ಉಳಿದ ಹನ್ನೆರಡಕ್ಕೆ ಅವನ ಕಣ್ಣು ಮನೆಯೊಳಗೇ ತಿರುಗಿತು.

"ದಾವೂದ್, ನನ್ನ ನಿಂಬೆಹಣ್ಣು ಹಿಂಡೋದು ಎಲ್ಲಿ?"

"ಹದಿನೇಳನೇ ನಂಬರಿನ ಮೂತಿಗೆ ಹಾಕಿದ್ದೀನಿ. ಏನು ಕಳೆ ಬಂದಿದೆ ಅಂತೀಯಾ!"

"ಕುಕ್ಕರಿನ ವಿಷಲ್ಲು?"

"ಅದು ಹತ್ತೊಂಬತ್ತನೇದು. ಒತ್ತಿದರೆ ಗ್ರಹ ಸುಟ್ಟುಹೋಗುತ್ತೆ."

"ಬಚ್ಚಲಿನ ಶವರು?"

"ತೂದಾ, ನಾವು ಬಕೆಟ್ಟಿನಲ್ಲಿ ಸ್ನಾನ ಮಾಡಿದೋರು. ಹಳೇದನ್ನ ಮರೀಬಾರದು."

ತೂದಾ ಸೌಟು ಹಿಡಿದು ಅವನನ್ನೇ ದಿಟ್ಟಿಸಿದಳು. "ಏನಾದರೂ ಬಿಚ್ಚಿಕೋ. ಬಾಗಿಲು ಬಿಚ್ಚು, ಒಲೆ ಬಿಚ್ಚು, ಬೇಕಿದ್ದರೆ ನನ್ನ ಹಲ್ಲೂ ಬಿಚ್ಚು. ಅಮ್ಮನ ಕೋಣೆಗೆ ಮಾತ್ರ ಕಾಲಿಡಕೂಡದು. ಗೊತ್ತಾಯ್ತಾ?"

ಗೊತ್ತಾಗದೆ ಏನು! ತೂದಾಳ ತಾಯಿ ಲಲ್ಲಾ ಇಜ್ಜಾ ತೀರಿಕೊಂಡು ಮೂವತ್ತಾರು ದಿನವಾಗಿತ್ತು. ಮನೆ ಆಕೆಯದೇ. ದಾವೂದ್ ಮದುವೆಯಾದ ದಿನದಿಂದ ಅಲ್ಲೇ ಸಂಸಾರ ಹೂಡಿದವನು. ನಲವತ್ತನೆಯ ದಿನ ನೆಂಟರಿಷ್ಟರಿಗೆಲ್ಲ ಕುಸ್ಕುಸ್ ಊಟ. ಅದರ ಹಿಂದಿನ ದಿನ ಅಗಾದಿರಿನಿಂದ ತಂಗಿ ರಕಿಯಾ ಬಂದು, ಅಕ್ಕತಂಗಿ ಇಬ್ಬರೂ ಸೇರಿ ಆ ಕೋಣೆ ತೆಗೆದು, ತಾಯಿಯ ಬಟ್ಟೆಬರೆ ದಾನ ಮಾಡಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಇಷ್ಟೇ ಆಗಿದ್ದರೆ ತೂದಾ ಅಷ್ಟು ಬಿಗಿಯಾಗಿರುತ್ತಿರಲಿಲ್ಲ. ಲಲ್ಲಾ ಇಜ್ಜಾ ಬದುಕಿದ್ದಷ್ಟು ದಿನ ಒಂದು ಫೋಟೋ ತೆಗೆಯಲು ಬಿಟ್ಟವಳಲ್ಲ. ಆಕೆಯದೆಂದು ಉಳಿದಿದ್ದುದು ಒಂದೇ ಒಂದು ಕ್ಯಾಸೆಟ್. ಗಂಡ ಫ್ರಾನ್ಸಿನ ಕಲ್ಲಿದ್ದಲ ಗಣಿಯಲ್ಲಿದ್ದಾಗ, ಓದುಬರಹ ಬಾರದ ಆಕೆ ಕಾಗದಕ್ಕೆ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದಳು. ಆ ಕಾಲದಲ್ಲಿ ಈ ಸೀಮೆಯ ಹೆಂಗಸರೆಲ್ಲ ಹಾಗೆಯೇ. ಲಲ್ಲಾ ಇಜ್ಜಾ ಕಳಿಸಿದವುಗಳಲ್ಲಿ ಒಂದು ಮಾತ್ರ ಗಂಡನ ಜೊತೆ ವಾಪಸು ಬಂದಿತ್ತು.

"ಅಮ್ಮನ ದನಿ ಆ ಕೋಣೆಯಲ್ಲಿದೆ. ರಕಿಯಾ ಬಂದ ಮೇಲೆ ಇಬ್ಬರೂ ಕೂತು ಕೇಳ್ತೀವಿ," ಎಂದು ತೂದಾ ದಿನಕ್ಕೊಮ್ಮೆ ಹೇಳುತ್ತಿದ್ದಳು. ಒಬ್ಬಳೇ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಅಂದೇ ಬಾಸ್ಸು ಬಂದು ಬಂದೂಕುಗಳನ್ನು ಒಂದೊಂದಾಗಿ ಎತ್ತಿ ನೋಡಿದ. "ಎಲ್ಲ ಚೆನ್ನಾಗಿದೆ ಮಾರಾಯ. ಆದರೆ ಕ್ಯಾಪ್ಟನ್ನಿನದು ಸಪ್ಪೆ. ಕ್ಯಾಮೆರಾ ಇದರ ಮೂತಿಗೇ ಬರುತ್ತೆ. ಒಳಗೆ ಏನೋ ಜೀವ ಆಡ್ತಾ ಇದೆ ಅನ್ನಿಸಬೇಕು."

ಜೀವ! ದಾವೂದ್ ಗುಜರಿ ಚೀಲ ಮಗುಚಿ ಹಾಕಿದ. ಅದರಲ್ಲಿ ಜೀವ ಇರಲಿಲ್ಲ. ತೂದಾ ಪಕ್ಕದ ಬೀದಿಗೆ ಹೋಗಿದ್ದಳು. ನಡುಮಧ್ಯಾಹ್ನ, ನೆರಳು ಕಾಲಡಿಗೆ ಸೇರಿದ ಹೊತ್ತು. ಊರೆಲ್ಲ ಬಾಗಿಲು ಮುಚ್ಚಿ ಮಲಗಿತ್ತು. ಆ ಹೊತ್ತಿನಲ್ಲಿ ಓಡಾಡುವವರು ಮನುಷ್ಯರಲ್ಲ ಎಂದು ಲಲ್ಲಾ ಇಜ್ಜಾಳೇ ಹೇಳುತ್ತಿದ್ದಳು. ದಾವೂದ್ ಬಾಗಿಲ ತಲೆಯ ಮೇಲಿಂದ ಬೀಗದ ಕೈ ತೆಗೆದ.

ಕೋಣೆಯೊಳಗೆ ಲವಂಗ, ಗೋರಂಟಿಯ ವಾಸನೆ. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಒಳಗೆ ತಣ್ಣಗಿತ್ತು. ಹಾಸಿದ್ದಂತೆಯೇ ಇದ್ದ ಹಾಸಿಗೆಯ ನಡುವೆ ಯಾರೋ ಈಗತಾನೆ ಎದ್ದುಹೋದ ಹಾಗೆ ಒಂದು ಗುಳಿ. ಗೂಡಿನಲ್ಲಿ ಹಳೆಯ ಟೇಪ್ ರೆಕಾರ್ಡರು ಕೂತಿತ್ತು. ಗಾಜಿನ ಕಿಟಕಿ, ಒಳಗೆ ಎರಡು ಹಲ್ಲಿನ ಚಕ್ರ, ತೂತು ತೂತಿನ ಸ್ಪೀಕರು, ಒಂದು ಕೆಂಪು ದೀಪ. ದಾವೂದನ ಬಾಯಲ್ಲಿ ನೀರೂರಿತು! ಒಳಗಿದ್ದ ಕ್ಯಾಸೆಟ್ಟನ್ನು ಬಗ್ಗಿ ನೋಡಿದ. ಮೇಲೆ ಡೋಲು ಹಿಡಿದ ಹಾಡುಗಾರರ ಚಿತ್ರ. ಮದುವೆ ಹಾಡಿನ ಕ್ಯಾಸೆಟ್. ಅತ್ತೆಯ ಕ್ಯಾಸೆಟ್ ತಗಡಿನ ಪೆಟ್ಟಿಗೆಯಲ್ಲಿರುತ್ತದೆ ಎಂದುಕೊಂಡು ನಿಶ್ಚಿಂತನಾದ.

"ಎರಡೇ ದಿನ ಲಲ್ಲಾ. ಸಿನಿಮಾ ಮುಗಿದ ಕೂಡಲೇ ತಂದಿಡ್ತೀನಿ," ಎಂದು ಖಾಲಿ ಹಾಸಿಗೆಗೆ ಹೇಳಿದ. ಹೇಳಿದ ಮೇಲೆ ಯಾಕೆ ಹೇಳಿದೆನೋ ಎನ್ನಿಸಿ ಬೆನ್ನು ಜುಮ್ಮೆಂದಿತು. ಬಾಗಿಲು ಎಳೆದುಕೊಳ್ಳುವಾಗ ಒಳಗಿನಿಂದ ಯಾರೋ ನಾಲಗೆ ಲೊಚಗುಟ್ಟಿದಂತಾಯಿತು. ಹಲ್ಲಿಯಿರಬೇಕು. ಹಲ್ಲಿಯೇ ಎಂದು ಮೂರು ಸಲ ಹೇಳಿಕೊಂಡು ಮೆಟ್ಟಿಲು ಹತ್ತಿದ.

ಬಿಚ್ಚುವ ಕೆಲಸದಲ್ಲಿ ಅವನ ಕೈ ನಿಂತದ್ದೇ ಇಲ್ಲ. ರೆಕಾರ್ಡರಿನ ಚಿಪ್ಪು ಒಡೆದು, ಒಳಗಿನ ಯಂತ್ರ ಕ್ಯಾಸೆಟ್ ಸಮೇತ ಬಂದೂಕಿನ ಹೊಟ್ಟೆಗೆ, ಸ್ಪೀಕರು ಬೆನ್ನಿಗೆ. ಬ್ಯಾಟರಿ ಹಾಕಿದ. ಕೆಂಪು ದೀಪ ಹೊತ್ತಿತು, ಚಕ್ರ ತಿರುಗಲಿಲ್ಲ. ಒಳಗಿನ ಗ್ರೀಸು ಮೂವತ್ತು ವರ್ಷಕ್ಕೆ ಮೇಣವಾಗಿತ್ತು. ಹಾಡಿಸುವ ಗುಂಡಿ ಒತ್ತಿದ್ದು ಒತ್ತಿದಂತೆಯೇ ಕಚ್ಚಿಕೊಂಡಿತು. ದೀಪ ಇದ್ದರೆ ಸಾಕು ಎಂದು ಬೂದು ಬಣ್ಣ ಬಳಿದು ತಾರಸಿಯ ಮೇಲೆ ಬಿಸಿಲಿಗೆ ಒಣಗಲಿಟ್ಟ.

ಮರುದಿನ ನಡುಮಧ್ಯಾಹ್ನ ಬಣ್ಣ ಒಣಗಿತೇ ನೋಡೋಣವೆಂದು ಮೇಲೆ ಹೋದ. ಇಪ್ಪತ್ನಾಲ್ಕು ಬಂದೂಕು ಗೋಡೆಗೆ ಒರಗಿದ್ದವು. ಎಲೆ ಅಲ್ಲಾಡದ ಮೌನ. ಆಗ ಯಾರೋ ಕೆಮ್ಮಿದರು.

ಎರಡು ಸಣ್ಣ ಕೆಮ್ಮು, ಒಂದು ದೊಡ್ಡದು. ಮೂವತ್ತೈದು ವರ್ಷ ಗೋಡೆಯಾಚೆಯಿಂದ ಕೇಳಿದ ಕೆಮ್ಮು! ಇಡೀ ಊರಿನಲ್ಲಿ ಹಾಗೆ ಕೆಮ್ಮುತ್ತಿದ್ದವಳು ಒಬ್ಬಳೇ, ಮತ್ತು ಅವಳನ್ನು ಮಣ್ಣಿಗೆ ಹೊತ್ತವರಲ್ಲಿ ದಾವೂದನೂ ಒಬ್ಬ.

"ಕೇಳಿಸ್ತಾ... ಇದೆಯಾ..." ಎಂದಿತು ದನಿ. ಬಾವಿಯ ತಳದಿಂದ ಎಳೆದು ತಂದಂತೆ ನಿಧಾನ, ದಪ್ಪ. "ಆ ಮಣ್ಣೊಳಗೆ... ಕತ್ತಲೆ ಅಂತಾರೆ... ನೀನು... ಯಾವಾಗ... ಬರ್ತೀಯಾ..."

ದಾವೂದ್ ಮೆಟ್ಟಿಲು ಇಳಿದದ್ದು ಕಾಲಿನಿಂದಲ್ಲ. ಕೆಳಗೆ ಬಿದ್ದು ಎದ್ದು, ಪೀಡೆಗೆ ಉಪ್ಪೇ ಮದ್ದೆಂದು ಅಡುಗೆಮನೆಯ ಡಬ್ಬಿ ಎತ್ತಿಕೊಂಡು ಬಂದವನಿಗೆ ತೂದಾ ಎದುರಾದಳು.

"ಏನಾಯ್ತು? ಮುಖ ಯಾಕೆ ಸುಣ್ಣ ಬಳಿದ ಹಾಗಾಗಿದೆ?"

"ಬಿ... ಬಿಸಿಲು."

"ಬಿಸಿಲಿಗೆ ಮುಖ ಕಪ್ಪಾಗುತ್ತೆ, ಬಿಳುಪಾಗೋಲ್ಲ. ಕೈಯಲ್ಲಿ ಉಪ್ಪಿನ ಡಬ್ಬಿ ಯಾಕೆ?"

"ಮೆಟ್ಟಿಲಿಗೆ ಹಾಕೋಣ ಅಂತ. ಇರುವೆ ಬಂದಿದೆ."

"ಇರುವೆಗೆ ಉಪ್ಪು! ನಿನ್ನನ್ನ ನೋಡಿ ಇರುವೆಗಳೂ ನಗ್ತಾವೆ," ಎಂದು ತೂದಾ ಡಬ್ಬಿ ಕಿತ್ತುಕೊಂಡಳು. ಆಮೇಲೆ ಮೂಗು ಅರಳಿಸಿ, "ಯಾಕೋ ಇವತ್ತು ಮನೆಯೆಲ್ಲ ಅಮ್ಮನ ವಾಸನೆ," ಎಂದಳು.

ಟೇಪು ಓಡಿರಬಹುದೇ ಎಂದು ನಿಮ್ಮ ಹಾಗೆ ಅವನೂ ಯೋಚಿಸಿದ. ಓಡಿದ್ದರೆ ಡೋಲು ಕೇಳಬೇಕಿತ್ತು, ಅತ್ತೆ ಯಾಕೆ ಕೇಳಬೇಕು? ಸಂಜೆ ತಂಪಾದ ಮೇಲೆ ಧೈರ್ಯ ಮಾಡಿ ಮೇಲೆ ಹೋಗಿ, ದೂರದಿಂದ ಕೋಲಿನಲ್ಲಿ ತಿವಿದು ನೋಡಿದ. ಚಕ್ರ ಕಲ್ಲಿನಂತೆ ನಿಂತಿತ್ತು. ಯಂತ್ರ ಸತ್ತಿದೆ, ದನಿ ಬದುಕಿದೆ! ನಲವತ್ತು ದಿನ ತುಂಬುವ ಮೊದಲೇ ಕೋಣೆ ಹೊಕ್ಕ ಕಳ್ಳನನ್ನು ಅತ್ತೆ ಕರೆಯುತ್ತಿದ್ದಾಳೆ ಎಂಬುದರಲ್ಲಿ ಅವನಿಗೆ ಇನ್ನು ಸಂಶಯ ಉಳಿಯಲಿಲ್ಲ. ಮರುಬೆಳಿಗ್ಗೆ ಬಂದೂಕುಗಳನ್ನೆಲ್ಲ ಬಾಸ್ಸುವಿನ ಗಾಡಿಗೆ ತುಂಬಿ, ಪೀಡೆ ತೊಲಗಿತೆಂದು ಕೈ ತೊಳೆದುಕೊಂಡ.

"ಕ್ಯಾಪ್ಟನ್ನಿಂದು ಅದ್ಭುತ!" ಎಂದ ಬಾಸ್ಸು. "ನಾಳೆ ಮಧ್ಯಾಹ್ನ ಇದಕ್ಕೇ ದೊಡ್ಡ ಸೀನು. ಸೋತ ಕ್ಯಾಪ್ಟನ್ ಇದನ್ನ ಉರಿಯೋ ಬಾಹ್ಯಾಕಾಶದ ಹಡಗಿನೊಳಗೆ ಎಸೀತಾನೆ."

"ಎಸೀಲಿ, ಎಸೀಲಿ! ಚೆನ್ನಾಗಿ ಉರಿಸಿ," ಎಂದ ದಾವೂದ್. ರೆಕಾರ್ಡರನ್ನು ತಂದಿಡುವೆನೆಂದು ಕೊಟ್ಟ ಮಾತು ಹಾರಿಹೋಗಿತ್ತು.

ಮೂವತ್ತೊಂಬತ್ತನೆಯ ದಿನ ರಕಿಯಾ ಬಂದಳು. ಅಕ್ಕತಂಗಿ ಒಬ್ಬರನ್ನೊಬ್ಬರು ತಬ್ಬಿ ಅತ್ತರು, ಮುಖ ತೊಳೆದರು, ಕೋಣೆಗೆ ಹೋದರು. ದಾವೂದ್ ಅಡುಗೆಮನೆಯಲ್ಲಿ ಕಡಲೆ ಬಿಡಿಸುತ್ತ ಕಿವಿ ನೆಟ್ಟಗೆ ಮಾಡಿ ಕೂತಿದ್ದ. ಆಮೇಲೆ ತೂದಾ ಬಾಗಿಲಿಗೆ ಬಂದು ನಿಂತಳು.

"ದಾವೂದ್, ಗೂಡಿನಲ್ಲಿದ್ದ ಟೇಪ್ ರೆಕಾರ್ಡರ್ ಎಲ್ಲಿ? ಅಮ್ಮನ ಕ್ಯಾಸೆಟ್ ಅದರೊಳಗೇ ಇತ್ತು."

"ಅದರೊಳಗೆ ಇದ್ದದ್ದು ಮದುವೆ ಹಾಡಿನದು ಕಣೇ!" ಎಂದ ದಾವೂದ್. ಎಂದ ಮೇಲೆ ನಾಲಗೆ ಕಚ್ಚಿಕೊಂಡ. ಏನು ಪ್ರಯೋಜನ!

ರಕಿಯಾ ಹಣೆ ಚಚ್ಚಿಕೊಂಡಳು. "ಅಯ್ಯೋ ಭಾವ! ಖಾಲಿ ಕ್ಯಾಸೆಟ್ ಆಗ ಯಾರ ಮನೇಲಿತ್ತು? ಹಾಡಿನ ಕ್ಯಾಸೆಟ್ಟಿನ ಮೂಲೆ ತೂತಿಗೆ ಕಾಗದ ಅಂಟಿಸಿ ಅದರ ಮೇಲೇ ಮಾತಾಡ್ತಿದ್ದರಲ್ಲ! ಊರಿಗೆಲ್ಲ ಗೊತ್ತಿರೋದು ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಅವನ ತಾಯಿಯೂ ಹಾಗೆಯೇ ಮಾಡಿದ್ದಳು. ಎಲ್ಲವೂ ಒಟ್ಟಿಗೆ ನೆನಪಾಯಿತು. ಕೆಮ್ಮು, ಮಣ್ಣೊಳಗಿನ ಕತ್ತಲೆ, ಗಣಿ! ಬಿಸಿಲಿಗೆ ಗ್ರೀಸು ಕರಗಿ ಚಕ್ರ ತಿರುಗಿದೆ. ಭೂತವೂ ಇಲ್ಲ, ಪ್ರೇತವೂ ಇಲ್ಲ, ದೊಡ್ಡ ಪೆದ್ದನೊಬ್ಬನಿದ್ದಾನೆ ಅಷ್ಟೆ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

"ತೂದಾ," ಎಂದ, "ಅದನ್ನ ಮಧ್ಯಾಹ್ನ ಬೆಂಕಿಗೆ ಹಾಕ್ತಾರೆ."

ತೂದಾ ಬೈಯುತ್ತಾಳೆ, ಸೌಟು ಬೀಸುತ್ತಾಳೆ ಎಂದು ಅವನು ತಲೆ ತಗ್ಗಿಸಿ ಕಾದ. ಅವಳು ಬೈಯಲಿಲ್ಲ. ಮೇಲುಹೊದಿಕೆ ಎಳೆದುಕೊಂಡು ಬೀದಿಗೆ ನಡೆದಳು. ಆ ಮೌನಕ್ಕೆ ದಾವೂದ್ ತಾರಸಿಯ ದನಿಗಿಂತ ಹೆಚ್ಚು ಹೆದರಿದ.

ಬೀದಿಯಲ್ಲಿದ್ದ ದಾವೂದನ ಮೊಪೆಡ್ಡಿನ ಹಿಂದೆ ತೂದಾ ಹತ್ತಿ ಕೂತಳು. ಅದರ ಕಾರ್ಬುರೇಟರು ಹದಿಮೂರನೇ ನಂಬರಿನ ಬಂದೂಕಿನಲ್ಲಿದೆ ಎಂಬುದು ನಾಲ್ಕು ಸಲ ತುಳಿದ ಮೇಲೆ ಹೊಳೆಯಿತು. ಸಂತೆಯದು ಸಾಲದೆ ತನ್ನದನ್ನೂ ಬಿಚ್ಚಿದ್ದ ಪುಣ್ಯಾತ್ಮ! ಕೊನೆಗೆ ತರಕಾರಿ ಗಾಡಿಯೊಂದನ್ನು ಅಡ್ಡಗಟ್ಟಿ, ಈರುಳ್ಳಿ ಮೂಟೆಗಳ ಮೇಲೆ ಕೂತು ಹೊರಟರು. ದಾರಿಯುದ್ದಕ್ಕೂ ದಾವೂದ್ ಎಲ್ಲವನ್ನೂ ಒಪ್ಪಿಕೊಂಡ. ಬೀಗದ ಕೈ, ಹಲ್ಲಿ, ಉಪ್ಪು, ಏನನ್ನೂ ಬಿಡಲಿಲ್ಲ. ತೂದಾ ಒಂದೇ ಮಾತು ಕೇಳಿದಳು.

"ಚೆನ್ನಾಗಿ ಕೇಳಿಸ್ತಾ, ಅಮ್ಮನ ದನಿ?"

"ಹೂಂ. ಕೆಮ್ಮಿದರು."

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ದಾವೂದ್ ಈರುಳ್ಳಿ ಮೂಟೆಯ ದಾರ ಬಿಚ್ಚಹೊರಟಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡ. ಜೀವಮಾನದಲ್ಲಿ ಏನೇನೋ ಬಿಚ್ಚಿ ಹಾಳು ಮಾಡಿದ್ದ, ಆದರೆ ಮತ್ತೆ ಸಂತೆಯಲ್ಲಿ ಸಿಗದ ವಸ್ತುವಿಗೆ ಕೈ ಹಾಕಿದ್ದು ಇದೇ ಮೊದಲು.

ಮರಳಿನ ನಡುವೆ ಮುರಿದ ಹಡಗು ಧಗಧಗ ಉರಿಯುತ್ತಿತ್ತು. ಬೂದು ಉಡುಪಿನ ನೂರು ಜನ ಸಾಲಾಗಿ ನಿಂತಿದ್ದರು. ಎಲ್ಲರೂ ನಮ್ಮ ಸುತ್ತಮುತ್ತಲಿನ ಹಳ್ಳಿಯವರೇ, ಇವತ್ತು ಬೇರೆ ಗ್ರಹದವರು. ಮುಂದೆ ಕ್ಯಾಪ್ಟನ್ ವೇಷದ ಪರದೇಶಿ ನಟ, ಕೈಯಲ್ಲಿ ಅದೇ ಬಂದೂಕು, ಕೆಂಪು ದೀಪ. ಸದ್ದು ಮಾಡಬೇಡಿ ಎಂದು ಯಾರೋ ಕೂಗಿದರು. ಗಾಳಿಯೂ ನಿಂತಿತು. ಕಾವಲಿನವನು ದಾವೂದನ ಬಾಯಿಗೆ ಕೈ ಅಡ್ಡ ಹಿಡಿದ.

ಆ ಮೌನದಲ್ಲಿ ಬಂದೂಕು ಕೆಮ್ಮಿತು.

"ಕೇಳಿಸ್ತಾ... ಇದೆಯಾ... ನೀವೆಲ್ಲ... ಆ ಮಣ್ಣೊಳಗೆ... ಹೇಗಿದ್ದೀರಿ... ಅಲ್ಲಿ... ಊಟಕ್ಕೆ... ಏನು ಕೊಡ್ತಾರೆ..."

ಕ್ಯಾಪ್ಟನ್ನಿಗೆ ಭಾಷೆ ಬಾರದು, ಆದರೂ ಅವನ ಕೂದಲು ನಿಂತಿತು. ಭಾಷೆ ಬಂದ ನೂರು ಜನರ ಗತಿ ಕೇಳಬೇಕೇ? "ಯಾರೋ ಸತ್ತೋರು ಮಾತಾಡ್ತಾ ಇದ್ದಾರೆ!" ಎಂದು ಒಬ್ಬ ಚೀರಿದ. "ನಮ್ಮ ಲಲ್ಲಾ ಇಜ್ಜಾ ಕಣ್ರೋ!" ಎಂದು ಗುರುತು ಹಿಡಿದ ಇನ್ನೊಬ್ಬ ಎಲ್ಲರಿಗಿಂತ ಮೊದಲು ಓಡಿದ. ಬೇರೆ ಗ್ರಹದ ಮಹಾಸೈನ್ಯ ಟೋಪಿ, ಬಂದೂಕು, ಒಂದೊಂದು ಚಪ್ಪಲಿ ಎಸೆದು, ದೇವರ ಹೆಸರು ಕೂಗುತ್ತ ದಿಕ್ಕಾಪಾಲಾಯಿತು. ಬಾಸ್ಸು ಗಾಡಿಯ ಕೆಳಗೆ ತೂರಿದ. ಕ್ಯಾಪ್ಟನ್ ಕೈಬಿಟ್ಟ ಬಂದೂಕು ಬೆಂಕಿಯಿಂದ ಮಾರು ದೂರದಲ್ಲಿ ಬಿತ್ತು. ಖಾಲಿ ಮರಳಿನಲ್ಲಿ ಅದೊಂದೇ ಬಿದ್ದುಕೊಂಡು, ಯಾರೂ ಇಲ್ಲದ ಕಡೆಗೆ ಮುಖ ಮಾಡಿ ತನ್ನಷ್ಟಕ್ಕೆ ಮಾತಾಡುತ್ತಿತ್ತು.

"ಮೇಕೆ... ಎರಡು ಮರಿ... ಹಾಕಿದೆ... ರಕಿಯಾಗೆ... ಹಲ್ಲು ಬಂತು..."

ಎಲ್ಲ ಗೊತ್ತಿದ್ದ ದಾವೂದನ ಕಾಲೂ ಏಳಲಿಲ್ಲ. ಗ್ರೀಸು, ಮೋಟರು, ಬ್ಯಾಟರಿ ಎಂದು ಬಾಯಲ್ಲಿ ಜಪಿಸುತ್ತಿದ್ದ. ತೂದಾ ಒಬ್ಬಳೇ ನಡೆದಳು. ಬೆಂಕಿಯ ಝಳಕ್ಕೆ ಅವಳ ಹೊದಿಕೆ ಅಲುಗುತ್ತಿತ್ತು. ಬಂದೂಕಿನ ಪಕ್ಕ ಮಂಡಿಯೂರಿ ಕೂತು, ಅದನ್ನು ಮಗುವಿನಂತೆ ತೊಡೆಯ ಮೇಲೆ ಎತ್ತಿಕೊಂಡಳು.

"ಕೇಳಿಸ್ತಾ ಇದೆ ಅಮ್ಮ," ಎಂದಳು.

ಆಮೇಲೆ ಎದ್ದು ಬಂದು, ಗಾಡಿಯ ಕೆಳಗಿನ ಬಾಸ್ಸುವಿಗೆ, "ಬೇರೆ ಯಾವುದಾದರೂ ಸುಡು. ಇದು ನಮ್ಮ ಮನೆಗೆ ಹೋಗುತ್ತೆ," ಎಂದಳು. ಬಾಸ್ಸು ಹೂಂ ಎನ್ನಲೂ ತಲೆ ಹೊರಗೆ ಹಾಕಲಿಲ್ಲ. ಆ ದನಿ ಕೊಟ್ಟ ಕಲಾವಿದೆ ಯಾರು, ನಾಳೆಯೂ ಸಿಗುತ್ತಾರೆಯೇ ಎಂದು ನಿರ್ದೇಶಕ ವಿಚಾರಿಸಿದನಂತೆ.

ನಲವತ್ತನೆಯ ದಿನ ಮನೆ ತುಂಬ ಜನ. ಗಂಡಸರ ಊಟ ಮುಗಿದ ಮೇಲೆ ಹೆಂಗಸರೆಲ್ಲ ಲಲ್ಲಾ ಇಜ್ಜಾಳ ಕೋಣೆಯಲ್ಲಿ ಸುತ್ತ ಕೂತರು. ನಡುವೆ ಕಸೂತಿ ದಿಂಬಿನ ಮೇಲೆ ಬಾಹ್ಯಾಕಾಶದ ಬಂದೂಕು.

"ಹೊರಗೆ ತೆಗೆದು ನೀಟಾಗಿ ಜೋಡಿಸಿಕೊಡ್ತೀನಿ, ಗ್ರೀಸು ಬದಲಾಯಿಸ್ತೀನಿ," ಎಂದು ದಾವೂದ್ ಬೆಳಗಿನಿಂದ ಗೋಗರೆದಿದ್ದ.

"ಕೈ ಹಚ್ಚಿ ನೋಡು," ಎಂದಿದ್ದಳು ತೂದಾ. ಅವಳೇ ಬಂದೂಕನ್ನು ಚಹಾದ ಕೆಂಡದ ಒಲೆಯ ಪಕ್ಕಕ್ಕೆ ಸರಿಸಿ ಬೆಚ್ಚಗೆ ಮಾಡಿದಳು. ಕಬ್ಬಿಣ ಕಾದಂತೆ ಚಕ್ರ ಮೆಲ್ಲಗೆ ಹೊರಳಿತು. ಕೆಮ್ಮು ಕೇಳಿತು. ಮುದುಕಿಯರು ಎದೆ ಮುಟ್ಟಿಕೊಂಡರು, ರಕಿಯಾ ಅಕ್ಕನ ಕೈ ಹಿಡಿದಳು. ಇಂದು ಕೆಂಡ ಹದವಾಗಿತ್ತೇನೋ, ದನಿ ಬಾವಿಯಿಂದ ಮೇಲೆ ಬಂದು ಲಲ್ಲಾ ಇಜ್ಜಾಳದೇ ಆಯಿತು. ಮತ್ತೆ ಮೇಕೆಯ ಮಾತು, ಸೋರುವ ಸೂರಿನ ಮಾತು, ಗಣಿಯೊಳಗೆ ಎದೆ ಬೆಚ್ಚಗಿಟ್ಟುಕೋ ಎಂಬ ಮಾತು. ಹೆಂಗಸರು ಅಳುತ್ತಲೇ ನಕ್ಕರು. ದಾವೂದ್ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ.

"ಇನ್ನೊಂದು ವಿಷಯ," ಎಂದಿತು ಬಂದೂಕು. "ತೂದಾನ್ನ ಕೇಳಿಕೊಂಡು ಒಬ್ಬ ಬಡಗಿ ಬಂದಿದ್ದ. ದಾವೂದ್ ಅಂತೆ. ಚಹಾ ಆರೋದರೊಳಗೆ ನಮ್ಮ ಗೋಡೆ ಗಡಿಯಾರ ಬಿಚ್ಚಿ ಚಾಪೆ ತುಂಬ ಹರಡಿದ. ಮತ್ತೆ ಜೋಡಿಸಿದ, ಮೂರು ಚೂರು ಮಿಕ್ಕಿತು. ಅದು ಬೇಡದ್ದು ಅಂದ! ತೂದಾ ಬಾಗಿಲ ಹಿಂದೆ ನಿಂತು ನಗ್ತಾ ಇದ್ದಳು. ನೀನು ಹೋದ ಮೇಲೆ ಈ ಹುಡುಗಿ ಹಾಗೆ ನಕ್ಕಿದ್ದೇ ಇಲ್ಲ. ಅದಕ್ಕೇ ಹೂಂ ಅಂದೆ. ಆದರೆ ಸುಮ್ಮನೆ ಬಿಡಲಿಲ್ಲ. ಈ ಮನೆಯೊಳಗೆ ಯಾವತ್ತೂ ಸ್ಕ್ರೂಡ್ರೈವರ್ ತರೋಲ್ಲ ಅಂತ ರೊಟ್ಟಿ ಮುಟ್ಟಿಸಿ ಆಣೆ ಮಾಡಿಸಿದ್ದೀನಿ."

ಆ ಆಣೆಯ ಸಂಗತಿ ತೂದಾಳಿಗೆ ಗೊತ್ತಿರಲಿಲ್ಲ. ಮೂವತ್ತೈದು ವರ್ಷ ದಾವೂದ್ ಅದನ್ನು ಯಾರಿಗೂ ಹೇಳಿರಲಿಲ್ಲ, ಅತ್ತೆಯೂ ಅವನ ಮಾನ ಕಾಪಾಡಿದ್ದಳು. ಕೋಣೆಯಲ್ಲಿದ್ದ ಅಷ್ಟೂ ಹೆಂಗಸರು ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ದಾವೂದ್ ತಲೆ ತಗ್ಗಿಸಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಚಹಾದ ಲೋಟಗಳ ಪಕ್ಕ ಇಟ್ಟ.

ತೂದಾ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ಇನ್ನೊಂದು ಜೇಬು?" ಎಂದಳು.